ಪದ ಪರಿಚಯ: ಅಮೆರಿಕದ ‘ಮಧ್ಯಂತರ’

ಟೀವಿಯ ಕೆಳಗೆ ಓಡುವ ಅಕ್ಷರಗಳಲ್ಲಿ ಮೊನ್ನೆ ಮತ್ತೆ ಅದೇ ಬಂತು. ಅಮೆರಿಕದಲ್ಲಿ ಮಧ್ಯಂತರ ಚುನಾವಣೆ, ಟ್ರಂಪ್ ಕುರ್ಚಿ ಅಲ್ಲಾಡುತ್ತಿದೆ, ಇತ್ಯಾದಿ. ಹತ್ತು ನಿಮಿಷ ಆಗಿರಲಿಲ್ಲ, ತಿಪಟೂರಿನಿಂದ ಚಿಕ್ಕಪ್ಪನ ಫೋನು.

“ಏನೋ, ಟ್ರಂಪ್ ಸರ್ಕಾರ ಬಿತ್ತಂತೆ?”

“ಇಲ್ಲ ಚಿಕ್ಕಪ್ಪ, ಯಾರು ಹೇಳಿದ್ದು?”

“ಮಧ್ಯಂತರ ಚುನಾವಣೆ ಅಂತ ತೋರಿಸ್ತಾ ಇದ್ದಾರಲ್ಲೋ. ಯಾರು ಬೆಂಬಲ ವಾಪಸ್ ತಗೊಂಡಿದ್ದು?”

ಚಿಕ್ಕಪ್ಪನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹಾಕಿದಾಗಿನಿಂದ ಅಮೆರಿಕದ ರಾಜಕೀಯ ಅವರಿಗೆ ಮನೆ ವಿಷಯ ಆಗಿಬಿಟ್ಟಿದೆ. ಅವರನ್ನು ಬೈಯುವ ಹಾಗಿಲ್ಲ. 40 ವರ್ಷ ಕನ್ನಡ ಪೇಪರ್ ಓದಿದವರಿಗೆ ‘ಮಧ್ಯಂತರ ಚುನಾವಣೆ’ ಎಂದರೆ ಕಣ್ಣ ಮುಂದೆ ಬರುವುದು ಒಂದೇ: ಸರ್ಕಾರ ಬಿದ್ದಿದೆ, ಇಲ್ಲವೇ ಇದ್ದವರೇ ಬೀಳಿಸಿ ಹೊರಟಿದ್ದಾರೆ. ಬೈಯಬೇಕಾದ್ದು ಈ ಪದವನ್ನು ಕಣ್ಣುಮುಚ್ಚಿಕೊಂಡು ಅಮೆರಿಕಕ್ಕೂ ಅಂಟಿಸುವವರನ್ನು. 2018ರಲ್ಲಿ ಅಂಟಿಸಿದರು, 2022ರಲ್ಲಿ ಅಂಟಿಸಿದರು, ಈಗ ಮತ್ತೆ.

ನಮ್ಮ ಮಧ್ಯಂತರ ಹೇಗಿರುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದ್ದೇ ಚೆಂದದ ಉದಾಹರಣೆ ಇದೆ. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸೀಟುಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ರಾಜ್ಯದಲ್ಲಿ ಇದ್ದದ್ದು ಜನತಾ ಪಕ್ಷದ ಸರ್ಕಾರ. ಹೀಗೆ ಸೋತ ಮೇಲೆ ಕುರ್ಚಿಯಲ್ಲಿ ಕೂರುವುದು ಸರಿಯಲ್ಲ ಎಂದು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ವಿಧಾನಸಭೆ ವಿಸರ್ಜನೆಗೆ ಶಿಫಾರಸು ಮಾಡಿ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಜನ ಅವರ ಪಕ್ಷಕ್ಕೆ 139 ಸೀಟು ಕೊಟ್ಟರು. 1983ರಲ್ಲಿ ಆರಿಸಿದ ಸಭೆ 1988ರವರೆಗೆ ನಡೆಯಬೇಕಿತ್ತು. 1971ರ ಲೋಕಸಭಾ ಚುನಾವಣೆಯೂ ಒಂದು ವರ್ಷ ಮುಂಚೆ ಬಂದದ್ದೇ. 1980ರದ್ದು ಜನತಾ ಸರ್ಕಾರ ಕುಸಿದದ್ದರಿಂದ ಬಂತು. ಎಲ್ಲವೂ ಕ್ಯಾಲೆಂಡರಿನಲ್ಲಿ ಇಲ್ಲದ ಚುನಾವಣೆಗಳು.

ಅಮೆರಿಕಕ್ಕೆ ಹೋಗುವ ಮುಂಚೆ ಪದದ ಜೊತೆಗೇ ಸ್ವಲ್ಪ ಜಗಳ ಇದೆ.

‘ಮಧ್ಯಂತರ’ ಹುಟ್ಟಿನಿಂದಲೇ ತಕರಾರಿನ ಪದ. ಸ್ಕೂಲಿನ ವ್ಯಾಕರಣದ ಪ್ರಕಾರ ಮಧ್ಯ + ಅಂತರ ಸೇರಿದರೆ ಸವರ್ಣದೀರ್ಘ ಸಂಧಿಯಾಗಿ ‘ಮಧ್ಯಾಂತರ’ ಆಗಬೇಕು, ಮಧ್ಯಾಹ್ನ ಆದ ಹಾಗೆ. ಯಾರೂ ‘ಮಧ್ಯಹ್ನದ ಊಟ’ ಮಾಡುವುದಿಲ್ಲ, ಅಲ್ವಾ? ದೇಶಾಂತರ, ಜನ್ಮಾಂತರ, ಪಕ್ಷಾಂತರ, ಎಲ್ಲಕ್ಕೂ ದೀರ್ಘ ಇದೆ. ಇದೊಂದಕ್ಕೆ ಇಲ್ಲ. ಕೆಲವು ಹಿರಿಯರು ಹಟ ಹಿಡಿದು ‘ಮಧ್ಯಾಂತರ’ ಎಂದೇ ಬರೆಯುತ್ತಾರೆ. ನನಗನ್ನಿಸುವುದು, ಕನ್ನಡದ ಬಾಯಿ ಇದನ್ನು ತನ್ನದೇ ಲೋಪ ಸಂಧಿಯ ಲೆಕ್ಕದಲ್ಲಿ ಕೂಡಿಸಿಕೊಂಡಿದೆ. ಊರು + ಅಲ್ಲಿ ಸೇರಿ ಊರಲ್ಲಿ ಆಗುವಾಗ ಮೊದಲ ಸ್ವರ ಬಿದ್ದುಹೋಗುತ್ತದಲ್ಲ, ಹಾಗೆ. ಕಿವಿಯಲ್ಲಿ ‘ಮನ್ವಂತರ’ ಬೇರೆ ಮೊದಲೇ ಕೂತಿತ್ತು, ಅದೂ ಕೈಜೋಡಿಸಿರಬೇಕು. ಏನೇ ಇರಲಿ, ನಾನು ಹ್ರಸ್ವದ ಕಡೆಯವನು. ಬಳಕೆಯಲ್ಲಿ ಗೆದ್ದ ಪದವನ್ನು ಸುಮ್ನೆ ಎಳೆದು ದೀರ್ಘ ಮಾಡುವುದರಲ್ಲಿ ಅರ್ಥವಿಲ್ಲ.

ತೊಂದರೆ ಇರುವುದು ‘ಅಂತರ’ದಲ್ಲಿ. ಅದಕ್ಕೆ ದೂರ ಎಂಬ ಅರ್ಥ ಇದೆ. ಕೊರೊನಾ ಕಾಲದಲ್ಲಿ ಎಲ್ಲರೂ ಅಂತರ ಕಾಯ್ದುಕೊಂಡವರೇ. ನಡುವಿನ ಜಾಗ ಎಂಬ ಅರ್ಥ ಇದೆ. ‘ಬೇರೆ’ ಎಂಬ ಅರ್ಥವೂ ಇದೆ: ದೇಶಾಂತರ ಎಂದರೆ ಬೇರೆ ದೇಶ, ರೂಪಾಂತರ ಎಂದರೆ ಬೇರೆ ರೂಪ. ಪಕ್ಷಾಂತರವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ಅರ್ಥ ಹೊತ್ತ ಪದವನ್ನು ಎಲ್ಲಿ ಹಾಕಿದರೂ ಕೂತುಬಿಡುತ್ತದೆ. ಕೋರ್ಟಿನ ಮಧ್ಯಂತರ ಆದೇಶ, ಮಧ್ಯಂತರ ಜಾಮೀನು, 2024ರ ಫೆಬ್ರವರಿಯ ಮಧ್ಯಂತರ ಬಜೆಟ್. ಇಲ್ಲೆಲ್ಲ ‘ಸದ್ಯಕ್ಕೆ ಇದು, ಪೂರ್ತಿಯದು ಆಮೇಲೆ’ ಎಂದು ಅರ್ಥ. ಆ ಲೆಕ್ಕದಲ್ಲಿ ಮಧ್ಯಂತರ ಚುನಾವಣೆ ಎಂದರೆ ತಾತ್ಕಾಲಿಕ ಚುನಾವಣೆ ಆಗಬೇಕು! ಆದರೆ ಚುನಾವಣೆ ವಿಷಯಕ್ಕೆ ಬಂದರೆ ನಾವು ‘ಅವಧಿಗೆ ಮುಂಚೆ’ ಎಂಬ ಅರ್ಥ ಹಿಡಿಯುತ್ತೇವೆ. ಇನ್ನು ಸಿನಿಮಾ ಟಾಕೀಸಿನ ಪರದೆಯ ಮೇಲೆ ‘ಮಧ್ಯಂತರ’ ಎಂದು ಬಂದರೆ ಎದ್ದು ಕಾಫಿಗೆ ಹೋಗುತ್ತೇವೆ.

ಅಮೆರಿಕದ್ದಕ್ಕೆ ತೀರಾ ಹತ್ತಿರ ಇರುವುದು ಈ ಟಾಕೀಸಿನ ಮಧ್ಯಂತರವೇ. ಬರುತ್ತದೆ ಎಂದು ಟಿಕೆಟ್ ತಗೊಳ್ಳುವಾಗಲೇ ಗೊತ್ತು. ಬಂತು ಎಂದು ಸಿನಿಮಾ ಮುಗಿಯುವುದಿಲ್ಲ. ಹೀರೊ ಅವನೇ. ಎದ್ದು ಹೋದವರಲ್ಲಿ ಕೆಲವರು ವಾಪಸ್ ಬಂದು ಕೂರುವುದಿಲ್ಲ, ಅದೂ ನಿಜ. ಆ ಮಾತು ಆಮೇಲೆ.

ಅಲ್ಲಿ ಅಧ್ಯಕ್ಷರಿಗೆ 4 ವರ್ಷ. ಸಂಸತ್ತಿನ ಕೆಳಮನೆಯ 435 ಸದಸ್ಯರಿಗೆ ಬರೀ 2 ವರ್ಷ. ಮೇಲ್ಮನೆಯಾದ ಸೆನೆಟ್‌ನ 100 ಜನರಿಗೆ 6 ವರ್ಷ, ಆದರೆ 2 ವರ್ಷಕ್ಕೊಮ್ಮೆ ಸುಮಾರು ಮೂರರಲ್ಲೊಂದು ಪಾಲು ಸೀಟುಗಳಿಗೆ ಚುನಾವಣೆ. ಹಾಗಾಗಿ ಅಧ್ಯಕ್ಷರ ಅವಧಿಯ ನಟ್ಟನಡುವೆ ಒಂದು ಚುನಾವಣೆ ಬಂದೇ ಬರುತ್ತದೆ. ಇಂಗ್ಲಿಷಿನ ‘ಮಿಡ್‌ಟರ್ಮ್’ ಎಂದರೆ ಇಷ್ಟೇ. 2026ರದ್ದು ನವೆಂಬರ್ 3ಕ್ಕೆ: ಕೆಳಮನೆ ಪೂರ್ತಿ, ಸೆನೆಟ್‌ನ 35 ಸೀಟು, 36 ರಾಜ್ಯಗಳ ಗವರ್ನರ್ ಹುದ್ದೆ. ನವೆಂಬರ್‌ನ ಮೊದಲ ಸೋಮವಾರದ ಮಾರನೆ ದಿನ ಎಂಬುದು ಕಟ್ಟಳೆ. 2030ರದ್ದು ಬೇಕಾದರೆ ಈಗಲೇ ಬರೆದಿಟ್ಟುಕೊಳ್ಳಿ, ನವೆಂಬರ್ 5. 1862ರಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗಲೂ ಮಿಡ್‌ಟರ್ಮ್ ನಡೆಯಿತು. 1918ರಲ್ಲಿ ಫ್ಲೂ ಊರೂರು ನುಂಗುತ್ತಿದ್ದಾಗಲೂ ನಡೆಯಿತು. 1942ರಲ್ಲಿ ಎರಡನೇ ಮಹಾಯುದ್ಧದ ಮಧ್ಯೆಯೂ ನಡೆಯಿತು.

ಅಧ್ಯಕ್ಷರಿಗೆ ಸಂಸತ್ತನ್ನು ವಿಸರ್ಜಿಸುವ ಅಧಿಕಾರ ಇಲ್ಲ. ಸಂಸತ್ತಿಗೆ ಅವಿಶ್ವಾಸ ಗೊತ್ತುವಳಿ ತಂದು ಅಧ್ಯಕ್ಷರನ್ನು ಇಳಿಸುವ ಅಧಿಕಾರವೂ ಇಲ್ಲ. ವಾಗ್ದಂಡನೆ ಎಂಬುದೊಂದಿದೆ, ಆದರೆ ಅದಕ್ಕೆ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕು. ಟ್ರಂಪ್ ವಿರುದ್ಧ 2019ರಲ್ಲೂ 2021ರಲ್ಲೂ ಕೆಳಮನೆ ವಾಗ್ದಂಡನೆ ಅಂಗೀಕರಿಸಿತು, ಎರಡು ಸಲವೂ ಸೆನೆಟ್‌ನಲ್ಲಿ ಬಿದ್ದುಹೋಯಿತು. ನವೆಂಬರ್ 3ರಂದು ಅವರ ಪಕ್ಷ ಎಷ್ಟು ಸೋತರೂ ಅವರ ಅವಧಿ 2029ರ ಜನವರಿ 20ರವರೆಗೆ.

ಕೆಳಮನೆಯ 2 ವರ್ಷದ ಅವಧಿಗೆ ನಮ್ಮ ಕಡೆಯವರದ್ದೇ ಉದಾಹರಣೆ ಬೇಕಾದರೆ ಶ್ರೀ ಥಾಣೇದಾರ್ ಇದ್ದಾರೆ, ಬೆಳಗಾವಿಯಲ್ಲಿ ಬೆಳೆದವರು. ಮಿಷಿಗನ್‌ನಿಂದ ಕೆಳಮನೆಗೆ ಅವರು ಮೊದಲು ಆರಿಸಿ ಬಂದದ್ದು 2022ರ ಮಿಡ್‌ಟರ್ಮ್‌ನಲ್ಲಿ. 2024ರಲ್ಲಿ ಮತ್ತೆ ಜನರ ಮುಂದೆ ಹೋಗಬೇಕಾಯಿತು. 2026ರಲ್ಲಿ ಆ ಸೀಟಿಗೆ ಮತ್ತೆ ಚುನಾವಣೆ. ನಮ್ಮ ಎಂಪಿಗಳಿಗೆ ಹೀಗೆ ಹೇಳಿ ನೋಡಿ.

ನಮ್ಮ ರಾಜ್ಯಸಭೆಯಲ್ಲೂ 6 ವರ್ಷದ ಅವಧಿ, 2 ವರ್ಷಕ್ಕೊಮ್ಮೆ ಮೂರರಲ್ಲೊಂದು ಪಾಲು ನಿವೃತ್ತಿ. ಅದನ್ನು ಯಾವ ಪೇಪರೂ ‘ಮಧ್ಯಂತರ’ ಎನ್ನುವುದಿಲ್ಲ. ದ್ವೈವಾರ್ಷಿಕ ಚುನಾವಣೆ ಎಂದು ಶಿಸ್ತಾಗಿ ಬರೆಯುತ್ತಾರೆ. ವಾಷಿಂಗ್ಟನ್ ಎಂದ ಕೂಡಲೇ ಆ ಶಿಸ್ತು ಎಲ್ಲಿಗೆ ಹೋಗುತ್ತದೋ.

ಪೂರ್ತಿ ತಪ್ಪು ಕನ್ನಡದ್ದಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಭಾರತದ ಇಂಗ್ಲಿಷ್ ಪೇಪರುಗಳೇ ಅವಧಿಗೆ ಮುಂಚಿನ ಚುನಾವಣೆಯನ್ನು ‘ಮಿಡ್‌ಟರ್ಮ್ ಪೋಲ್’ ಎನ್ನುತ್ತವೆ. ಅಲ್ಲಿ ‘ಟರ್ಮ್’ ಎಂದರೆ ಸಭೆಯ ಅವಧಿ, ಅದು ಅರ್ಧಕ್ಕೆ ತುಂಡಾದದ್ದು. ಅಮೆರಿಕದವರ ‘ಟರ್ಮ್’ ಅಧ್ಯಕ್ಷರದ್ದು, ಅದು ತುಂಡಾಗುವುದೇ ಇಲ್ಲ. ಇಂಗ್ಲಿಷಿನಲ್ಲಿ ಒಂದೇ ವೇಷದ ಎರಡು ಪದ, ನಾವು ಎರಡಕ್ಕೂ ಒಂದೇ ಅಂಗಿ ಹೊಲಿಸಿದೆವು.

ಗೊಂದಲ ಪದದಲ್ಲೇ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅರ್ಥ ತಪ್ಪಿದರೆ ಸುದ್ದಿಯ ಓದೂ ತಪ್ಪುತ್ತದೆ. ಟ್ರಂಪ್ ಎದುರಿನ ಡೆಮಾಕ್ರಟಿಕ್ ಪಕ್ಷದ ಬಗ್ಗೆ ಈಗ ಕನ್ನಡದಲ್ಲಿ ಬರುತ್ತಿರುವುದನ್ನು ನೋಡಿ. ಮಿಡ್‌ಟರ್ಮ್ ಗೆದ್ದರೆ ಆ ಪಕ್ಷ ‘ಅಧಿಕಾರಕ್ಕೆ ಮರಳಿತು’ ಎಂಬ ಧಾಟಿ. ಗೆದ್ದರೆ ಸಿಗುವುದು ಸಮಿತಿಗಳು, ಬಜೆಟ್ಟಿನ ಮೇಲೆ ಹಿಡಿತ, ಅಧಿಕಾರಿಗಳನ್ನು ಕರೆಸಿ ಪ್ರಶ್ನೆ ಕೇಳುವ ಹಕ್ಕು. ಸರ್ಕಾರ ಅಲ್ಲ.

ಗೆಲುವು ದೂರವೇನೂ ಇಲ್ಲ. 2024ರಲ್ಲಿ ಅವರಿಗೆ ಕೆಳಮನೆಯಲ್ಲಿ ಸಿಕ್ಕಿದ್ದು 215, ಬಹುಮತಕ್ಕೆ ಬೇಕಾದ್ದು 218. ಸೆನೆಟ್ ಕಷ್ಟ. ಅಲ್ಲಿ 47 ಇದೆ, 51 ಬೇಕು, ಯಾಕೆಂದರೆ 50-50 ಆದರೆ ಉಪಾಧ್ಯಕ್ಷ ವ್ಯಾನ್ಸ್ ಅವರ ಮತ ನಿರ್ಣಾಯಕ. ಎರಡನೇ ಮಹಾಯುದ್ಧ ಆದಮೇಲೆ 1998 ಮತ್ತು 2002 ಬಿಟ್ಟರೆ ಪ್ರತಿ ಮಿಡ್‌ಟರ್ಮ್‌ನಲ್ಲೂ ಅಧ್ಯಕ್ಷರ ಪಕ್ಷ ಕೆಳಮನೆಯಲ್ಲಿ ಸೀಟು ಕಳೆದುಕೊಂಡಿದೆ. 2010ರಲ್ಲಿ ಒಬಾಮಾ ಪಕ್ಷ 63 ಸೀಟು ಕಳೆದುಕೊಂಡಿತು. ಇದು ಗೊತ್ತಿದ್ದೇ 2025ರಲ್ಲಿ ಟೆಕ್ಸಸ್‌ನಲ್ಲಿ ಟ್ರಂಪ್ ಪಕ್ಷದವರಾದ ರಿಪಬ್ಲಿಕನ್ನರು ಐದು ಸೀಟು ಜಾಸ್ತಿ ಸಿಗುವ ಹಾಗೆ ಕ್ಷೇತ್ರಗಳ ಗಡಿ ಬದಲಾಯಿಸಿದ್ದು. ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾ ನವೆಂಬರ್‌ನಲ್ಲಿ ಜನಮತ ಕೇಳಿ ತನ್ನ ಗಡಿಗಳನ್ನೂ ಬದಲಾಯಿಸಿತು.

ಡೆಮಾಕ್ರಟಿಕ್ ಪಕ್ಷದ ದಿಕ್ಕು ಯಾವುದು ಎಂಬ ಪ್ರಶ್ನೆಗೆ ಮಿಡ್‌ಟರ್ಮ್ ನಿಜವಾಗಿ ಮುಖ್ಯ ಆಗುವುದು ಬೇರೆ ಕಾರಣಕ್ಕೆ. ಅಲ್ಲಿ ಸೋತ ಪಕ್ಷಕ್ಕೆ ಮುಂದಿನ ಪ್ರಧಾನಿ ಎನ್ನಿಸಿಕೊಳ್ಳುವಂಥ ವಿರೋಧ ಪಕ್ಷದ ನಾಯಕ ಇರುವುದಿಲ್ಲ. ಹೊಸ ಮುಖಗಳು ನುಗ್ಗುವುದು ಈ ಬಾಗಿಲಿನಿಂದಲೇ. 2018ರ ಮಿಡ್‌ಟರ್ಮ್‌ನಲ್ಲಿ ಈ ಪಕ್ಷದಿಂದ ಒಂದೇ ದಿನ ಆರಿಸಿ ಬಂದವರು ಎಡದ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೊರ್ಟೆಜ್, ಮಧ್ಯಮ ದಾರಿಯ ಅಬಿಗೇಲ್ ಸ್ಪ್ಯಾನ್‌ಬರ್ಗರ್ ಮತ್ತು ಮಿಕಿ ಶೆರಿಲ್. ಮೊದಲನೆಯವರು ಹಿಂದೆ ಬಾರಿನಲ್ಲಿ ಕೆಲಸ ಮಾಡಿದವರು. ಎರಡನೆಯವರು ಸಿಐಎಯಲ್ಲಿದ್ದವರು. ಮೂರನೆಯವರು ನೌಕಾಪಡೆಯ ಹೆಲಿಕಾಪ್ಟರ್ ಪೈಲಟ್.

2025ರ ನವೆಂಬರ್‌ನಲ್ಲಿ ಸ್ಪ್ಯಾನ್‌ಬರ್ಗರ್ ವರ್ಜೀನಿಯಾದ, ಶೆರಿಲ್ ನ್ಯೂಜೆರ್ಸಿಯ ಗವರ್ನರ್ ಚುನಾವಣೆ ಗೆದ್ದರು. ಅದೇ ರಾತ್ರಿ ನ್ಯೂಯಾರ್ಕ್ ಮೇಯರ್ ಚುನಾವಣೆಯಲ್ಲಿ ಅದೇ ಪಕ್ಷದ ಸಮಾಜವಾದಿ ಜೊಹ್ರಾನ್ ಮಮ್ದಾನಿ ಗೆದ್ದರು. ನಮ್ಮಲ್ಲಿ ಮಾರನೆ ದಿನ ಓದಿದ್ದೆಲ್ಲ ಮಮ್ದಾನಿಯೇ. ಪಕ್ಷ ಎಡಕ್ಕೆ ಹೊರಳಿತು ಎಂದು ತೀರ್ಪೂ ಬಂತು. ಉಳಿದ ಇಬ್ಬರ ಸುದ್ದಿ ಕೊನೆಯ ಸಾಲಿನಲ್ಲಿ. ಪ್ರಚಾರದಲ್ಲಿ ಮಮ್ದಾನಿ ಹೇಳಿದ್ದು ಬಾಡಿಗೆ ಏರಿಸಲು ಬಿಡುವುದಿಲ್ಲ ಎಂದು. ಶೆರಿಲ್ ಹೇಳಿದ್ದು ಕರೆಂಟ್ ದರ ಏರಿಸಲು ಬಿಡುವುದಿಲ್ಲ ಎಂದು. ಎಡವೋ ಮಧ್ಯವೋ ಎಂಬ ಜಗಳ ಪಕ್ಷದೊಳಗೆ ಇರುವುದು ನಿಜ. ಆದರೆ ಓಟು ಕೇಳಲು ಹೋದಾಗ ಇಬ್ಬರೂ ತಿಂಗಳ ಖರ್ಚಿನ ಚೀಟಿ ಹಿಡಿದೇ ಹೋದರು.

ಈಗ ಟಾಕೀಸಿನಿಂದ ಎದ್ದು ಹೋದವರ ವಿಷಯ. 2014ರ ಮಿಡ್‌ಟರ್ಮ್‌ನಲ್ಲಿ ಮತ ಹಾಕಿದವರು ನೂರಕ್ಕೆ 37 ಜನರೂ ಇಲ್ಲ. 2018ರಲ್ಲಿ ಸುಮಾರು 50. ಅಧ್ಯಕ್ಷರ ಚುನಾವಣೆ ಇದ್ದ 2020ರಲ್ಲಿ ಸುಮಾರು 66. ಒಬಾಮಾ ಕಾಲದಲ್ಲಿ ಮನೆಯಲ್ಲೇ ಕೂತವರು ಹೆಚ್ಚಾಗಿ ಡೆಮಾಕ್ರಟಿಕ್ ಕಡೆಯ ಯುವಕರು. ಹಾಗಾಗಿ ಆ ಪಕ್ಷ ಮಿಡ್‌ಟರ್ಮ್‌ಗಳಲ್ಲಿ ಏಟು ತಿಂದಿತು. ಈಗ ತಲೆಕೆಳಗಾಗಿದೆ. ಕಾಲೇಜು ಓದಿದ, ಯಾವ ಚುನಾವಣೆಯನ್ನೂ ತಪ್ಪಿಸದ ಮತದಾರರು ಡೆಮಾಕ್ರಟಿಕ್ ಕಡೆಗೆ ಬಂದಿದ್ದಾರೆ. ಯಾವಾಗಲೋ ಒಮ್ಮೆ ಮತ ಹಾಕುವವರು 2024ರಲ್ಲಿ ಟ್ರಂಪ್ ಕಡೆಗೆ ವಾಲಿದರು. 2022ರಲ್ಲಿ ಡೆಮಾಕ್ರಟಿಕ್ ಪಕ್ಷ ನಿರೀಕ್ಷೆಗಿಂತ ಚೆನ್ನಾಗಿ ಮಾಡಿತು, ಎಲ್ಲ ಸರಿ ಇದೆ ಎಂದುಕೊಂಡಿತು, ಎರಡೇ ವರ್ಷಕ್ಕೆ ಶ್ವೇತಭವನವನ್ನೂ ಸೆನೆಟ್ಟನ್ನೂ ಕಳೆದುಕೊಂಡಿತು. 2026ರಲ್ಲಿ ಗೆದ್ದರೂ 2028ಕ್ಕೆ ಅದು ಜಾತಕ ಅಲ್ಲ. 1994ರಲ್ಲಿ 54 ಸೀಟು ಕಳೆದುಕೊಂಡ ಕ್ಲಿಂಟನ್ 1996ರಲ್ಲಿ ಗೆದ್ದರು. 2010ರ ಆ ಏಟು ತಿಂದ ಒಬಾಮಾ 2012ರಲ್ಲಿ ಗೆದ್ದರು. 2018ರಲ್ಲಿ ಸೋತ ಟ್ರಂಪ್ 2020ರಲ್ಲೂ ಸೋತರು. ನಿಯಮ ಹುಡುಕಬೇಡಿ, ಸಿಗುವುದಿಲ್ಲ.

ಹಾಗಾದರೆ ಕನ್ನಡದಲ್ಲಿ ಏನು ಅನ್ನಬೇಕು? ನಮ್ಮದಕ್ಕೆ ‘ಅವಧಿಪೂರ್ವ ಚುನಾವಣೆ’ ಎಂಬ ಒಳ್ಳೆಯ ಪದ ಆಗಲೇ ಓಡಾಡುತ್ತಿದೆ. ಅಮೆರಿಕದ್ದಕ್ಕೆ ‘ನಡು ಅವಧಿ ಚುನಾವಣೆ’ ಅನ್ನಬಹುದು. ನನ್ನನ್ನು ಕೇಳಿದರೆ ‘ಮಿಡ್‌ಟರ್ಮ್’ ಎಂದೇ ಬರೆಯಿರಿ. ಮಕ್ಕಳ ಮಿಡ್‌ಟರ್ಮ್ ಪರೀಕ್ಷೆ ಗೊತ್ತಿಲ್ಲದ ಮನೆ ಇಲ್ಲ. ಅದು ಬಂತೆಂದು ಹೆಡ್‌ಮಾಸ್ಟರ್ ಮನೆಗೆ ಹೋದರು ಎಂದು ಯಾರೂ ತಿಳಿಯುವುದಿಲ್ಲ.

ಚಿಕ್ಕಪ್ಪನಿಗೂ ಫೋನಿನಲ್ಲಿ ಇದನ್ನೇ ಹೇಳಿದೆ.

“ಓ, ಪರೀಕ್ಷೆ ಥರ. ಫೇಲಾದ್ರೂ ಕ್ಲಾಸಲ್ಲೇ ಕೂತಿರ್ತಾನೆ ಅನ್ನು.”

“ಹೂಂ ಚಿಕ್ಕಪ್ಪ, 2029ರ ತನಕ.”

“ಮತ್ತೆ ನಮ್ಮ ಹುಡುಗಿ ವೀಸಾ?”

“ಆ ಶುಲ್ಕ ಅಧ್ಯಕ್ಷರು ಹೊರಡಿಸಿದ್ದು. ಸಂಸತ್ತಲ್ಲಿ ಬೇರೆ ಪಕ್ಷ ಬಂದ್ರೆ ತಾನಾಗೇ ಹೋಗಲ್ಲ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅರ್ಧ ಗಂಟೆಯಿಂದ ನೀನು ಇದನ್ನ ಹೇಳೋದು ಬಿಟ್ಟು ಸಂಧಿ ಬಿಡಿಸ್ತಾ ಕೂತಿದ್ಯಲ್ಲೋ,” ಎಂದು ಫೋನ್ ಇಟ್ಟರು.