ಫೋನ್ ಎತ್ತಲಿಲ್ಲ ಎಂದ ಮಾತ್ರಕ್ಕೆ

ಮಗಳು ಫೋನ್ ಎತ್ತಲಿಲ್ಲ. ಎರಡು ನಿಮಿಷ ಬಿಟ್ಟು ಅಮ್ಮ ಮತ್ತೆ ಮಾಡುತ್ತಾರೆ, ಆಮೇಲೆ ಅವಳ ಗೆಳತಿಗೆ, ಆಮೇಲೆ ಆಫೀಸಿಗೆ. ಕೊನೆಗೆ "ಮೀಟಿಂಗ್‌ನಲ್ಲಿದ್ದೆ ಅಮ್ಮಾ" ಎಂಬ ದನಿ ಕೇಳಿದಾಗ ಹೋದ ಜೀವ ಬಂದಂತಾಗುತ್ತದೆ. ಆಪ್ತಸಮಾಲೋಚನೆಗೆ ಬರುವ ಎಷ್ಟೋ ತಾಯಂದಿರು ಇದನ್ನೇ ಮದ್ದು ಎಂದುಕೊಂಡಿದ್ದಾರೆ: "ಒಂದು ಸಲ ದನಿ ಕೇಳಿಬಿಟ್ಟರೆ ಸಾಕು." ಸಾಕಾಗುವುದಿಲ್ಲ.

ಎಷ್ಟು ಸಲ ಹೇಳಿದರೂ ಜಾರಿಹೋಗುವ ಮಾತಿದು, ಬಿಡಿಸಿ ಹೇಳುತ್ತೇನೆ. ದನಿ ಕೇಳಿದ ಕೂಡಲೇ ಎದೆಬಡಿತ ಇಳಿಯುತ್ತದೆ, ನಿಜ. ಆದರೆ ಮಿದುಳು ಕಲಿಯುವುದು 'ಮಗಳು ಕ್ಷೇಮ' ಎಂದಲ್ಲ, 'ಫೋನ್ ಮಾಡಿದ್ದಕ್ಕೇ ಗಂಡಾಂತರ ತಪ್ಪಿತು' ಎಂದು. ಮಾಡದಿದ್ದರೂ ಅವಳು ಕ್ಷೇಮವಾಗಿಯೇ ಇರುತ್ತಿದ್ದಳು ಎಂದು ತಿಳಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಮುಂದಿನ ಸಲ ದಿಗಿಲು ಬೇಗ ಏರುತ್ತದೆ, ಸಮಾಧಾನ ಬೇಗ ಕರಗುತ್ತದೆ. ದಿನಕ್ಕೆ 2 ಕರೆ ಇದ್ದದ್ದು 10 ಆಗುವುದು ಹೀಗೆ.

ಒಮ್ಮೆಗೇ ನಿಲ್ಲಿಸಿ ಎನ್ನುವುದಿಲ್ಲ, ಹಠದಿಂದ ನಿಲ್ಲಿಸಿದ್ದು ಸಾಮಾನ್ಯವಾಗಿ ಬಾಳುವುದಿಲ್ಲ. ಫೋನ್ ಮಾಡಬೇಕೆನಿಸಿದಾಗ 10 ನಿಮಿಷ ತಡೆಯಿರಿ. ಮೂರ್ನಾಲ್ಕು ದಿನದಲ್ಲಿ ಅದು ಸಲೀಸಾದರೆ 20, ಆಮೇಲೆ 40. ಆ ಹೊತ್ತಿನಲ್ಲಿ ದಿಗಿಲನ್ನು ಓಡಿಸಲು ಹೋಗಬೇಡಿ. ಅದು ಏರಿ, ತಾನಾಗಿ ಇಳಿಯುವುದನ್ನು ನೋಡುತ್ತಿರಿ. ಎಡವುವುದು ಇಲ್ಲೇ: ಫೋನ್ ಕೆಳಗಿಟ್ಟವರು ಅವಳು ವಾಟ್ಸಾಪ್‌ಗೆ ಕೊನೆಗೆ ಬಂದದ್ದು ಎಷ್ಟು ಹೊತ್ತಿಗೆ ಎಂದು ಇಣುಕುತ್ತಾರೆ, ಲೊಕೇಶನ್ ನೋಡುತ್ತಾರೆ. ಅದೂ ಕರೆ ಮಾಡಿದಂತೆಯೇ.

ಉಳಿದ ಚಿಂತೆಗಳಿಗೆ, ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಕ್ರಮ ಈಗಲೂ ಬಳಕೆಯಲ್ಲಿದೆ: ಚಿಂತಿಸಲೆಂದೇ ದಿನಕ್ಕೆ ಅರ್ಧ ಗಂಟೆ, ಅದೇ ಹೊತ್ತು, ಅದೇ ಜಾಗ. ಬೇರೆ ವೇಳೆಯಲ್ಲಿ ಬಂದ ಚಿಂತೆಯನ್ನು ಆ ಅರ್ಧ ಗಂಟೆಗೆ ಮುಂದೂಡಬೇಕು. ಹಾಸಿಗೆಯ ಮೇಲೆ ಮಾತ್ರ ಬೇಡ, ನಿದ್ದೆ ಕೆಡುತ್ತದೆ.

ಮಕ್ಕಳಿಗೊಂದು ಮಾತು. ಅಮ್ಮ ಎರಡನೇ ಸಲ ಕೇಳಿದಾಗ "ಏನೂ ಆಗಿಲ್ಲ" ಎಂದು ಮತ್ತೆ ಆಣೆ ಮಾಡಬೇಡಿ, ಸಿಡುಕಲೂ ಬೇಡಿ. "ದಿಗಿಲಾಗ್ತಿದೆಯಾ ಅಮ್ಮಾ?" ಎಂದು ಕೇಳಿ. ಪಾಪ, ಆಕೆಗೆ ಬೇಕಿರುವುದೂ ಅದೇ. ಆದರೆ ಇದನ್ನು ಮೊದಲೇ ಇಬ್ಬರೂ ಮಾತಾಡಿಕೊಂಡಿರಬೇಕು.

ಮನೆಯವರಿಗೆ ನಿಜವಾಗಿ ಕಾಯಿಲೆಯೋ ಅಪಾಯವೋ ಇದ್ದರೆ ಈ ಲೆಕ್ಕ ಬೇರೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಕೈಕೆಲಸ ನಿಂತುಹೋದರೆ ವೈದ್ಯರನ್ನು ಕಾಣಿ. ಥೈರಾಯ್ಡ್ ಹೆಚ್ಚಾದಾಗಲೂ ಎದೆ ಹೀಗೆಯೇ ಹೊಡೆದುಕೊಳ್ಳುತ್ತದೆ. ಅದಕ್ಕೊಂದು ರಕ್ತಪರೀಕ್ಷೆ ಸಾಕು.