ಘಾಟಿ ಇಳಿಯುವಾಗ ನೆಬ್ಯುಲೈಸರ್ ನಿಲ್ಲಬಾರದು

ತೀವ್ರ ಅಸ್ತಮಾ ಬಂದವರಿಗೆ ಮೊದಲ ಗಂಟೆಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಮೂರು ಸಲ ಸಾಲ್ಬುಟಮಾಲ್ (ಶ್ವಾಸನಾಳ ಸಡಿಲಿಸುವ ಔಷಧಿ) ನೆಬ್ಯುಲೈಸರಿನಲ್ಲಿ, ಅಂದರೆ ದ್ರವವನ್ನು ಮಂಜಾಗಿಸಿ ಮಾಸ್ಕಿನ ಮೂಲಕ ಉಸಿರಿಗೆ ಸೇರಿಸುವ ಸಾಧನದಲ್ಲಿ, ಕೊಡುವುದು ರೂಢಿ. ಅದಕ್ಕೂ ಬಗ್ಗದೆ, ಎರಡು ಮಾತಾಡುವುದರೊಳಗೆ ಏದುಸಿರು ಬಿಡುವ ರೋಗಿಗೆ ಔಷಧಿಯನ್ನು ಬಿಡುವಿಲ್ಲದೆ ಕೊಡುತ್ತೇವೆ. ದೊಡ್ಡವರಿಗೆ ಗಂಟೆಗೆ 10ರಿಂದ 15 ಮಿಲಿಗ್ರಾಂ. ಬಿಗಿದುಕೊಂಡ ಶ್ವಾಸನಾಳದಲ್ಲಿ ಮೊದಲ ಡೋಸ್ ಆಳಕ್ಕೆ ಹೋಗುವುದೇ ಕಡಿಮೆ. ಅದು ತುಸು ದಾರಿ ಬಿಡಿಸಿದ ಮೇಲೆ ಮುಂದಿನದು ಒಳಗಿಳಿಯುತ್ತದೆ. ಸಾಧಾರಣ ಉಬ್ಬಸಕ್ಕೆ ಇಷ್ಟೆಲ್ಲ ಬೇಕಿಲ್ಲ. ಕೈ ನಡುಕ, ಎದೆಬಡಿತ ಹೆಚ್ಚುತ್ತದೆ, ಅಷ್ಟೆ.

ಇದು ಕೆಡುವುದು ಸಾಮಾನ್ಯವಾಗಿ ಸಾಗಿಸುವಾಗ. ವಾರ್ಡಿನ ಗೋಡೆಯ ಆಕ್ಸಿಜನ್ ಕಳಚಿ, ಸ್ಟ್ರೆಚರಿಗೆ ಹಾಕಿ, ಆಂಬ್ಯುಲೆನ್ಸ್‌ಗೆ ಏರಿಸುವ ಗಡಿಬಿಡಿಯಲ್ಲಿ ಮಾಸ್ಕ್ ಪಕ್ಕಕ್ಕೆ ಸರಿದಿರುತ್ತದೆ. ನನ್ನ ಪ್ರಕಾರ ಸಿಲಿಂಡರಿಗೆ ಟ್ಯೂಬ್ ಸಿಕ್ಕಿಸಿ, ಮಂಜು ಬರುತ್ತಿರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ರೋಗಿಯನ್ನು ಅಲುಗಿಸಬೇಕು.

ಹೊರಡುವ ಮುಂಚೆ ಒಂದು ಲೆಕ್ಕ. ಆಕ್ಸಿಜನ್ನಿನ ರಭಸದಿಂದ ಮಂಜು ಮಾಡುವ ಜೆಟ್ ನೆಬ್ಯುಲೈಸರಿಗೆ ನಿಮಿಷಕ್ಕೆ 6ರಿಂದ 8 ಲೀಟರ್ ಹರಿವು ಬೇಕು. ಅದಕ್ಕಿಂತ ಕಡಿಮೆಯಾದರೆ ಹನಿ ದಪ್ಪವಾಗಿ ಗಂಟಲಲ್ಲೇ ಉಳಿಯುತ್ತದೆ. ಆಕ್ಸಿಜನ್ ಉಳಿಸಲೆಂದು 4ಕ್ಕೆ ಇಳಿಸುವುದು ವ್ಯರ್ಥ. ಬಿ ಟೈಪ್ ಸಿಲಿಂಡರಿನ ಒಳಅಳತೆ ಸುಮಾರು 10 ಲೀಟರ್. ಗೇಜ್ 100 ಕೆಜಿ ಒತ್ತಡ ತೋರಿಸಿದರೆ ಒಳಗಿರುವುದು ಸುಮಾರು 1000 ಲೀಟರ್, ಅಂದರೆ 8ರ ಹರಿವಿಗೆ ಎರಡು ಗಂಟೆಯಷ್ಟು. ಕೊಪ್ಪದಿಂದ ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದು ಮಣಿಪಾಲ ಮುಟ್ಟಲು ಅದನ್ನು ನೆಚ್ಚಿಕೊಳ್ಳಲಾಗದು. ಎರಡನೇ ಸಿಲಿಂಡರ್ ಇಲ್ಲದೆ ಗಾಡಿ ಹೊರಡಬಾರದು.

ಸಿರಿಂಜ್ ಪಂಪಿನಿಂದ ನೆಬ್ಯುಲೈಸರಿನ ಕಪ್‌ಗೆ ಔಷಧಿ ಹನಿಸುವ ಏರ್ಪಾಡು ದೊಡ್ಡ ಐಸಿಯುಗಳಲ್ಲಿದೆ. ನಮ್ಮ ಗಾಡಿಗಳಿಗೆ ಸುಲಭದ ದಾರಿ: 2.5 ಮಿಲಿಗ್ರಾಂನ ಒಂದು ರೆಸ್ಪ್ಯೂಲ್ (ಒಂದು ಸಲಕ್ಕಾಗುವ ಔಷಧಿಯ ಪುಟ್ಟ ಪ್ಲಾಸ್ಟಿಕ್ ಕೊಳವೆ), ಜೊತೆಗೆ 2 ಎಂಎಲ್ ಸಲೈನ್, ಕಾಲು ಗಂಟೆಗೊಮ್ಮೆ. ಗಂಟೆಗೆ ಹತ್ತು ಮಿಲಿಗ್ರಾಂ ಆಯಿತು. ಸಲೈನ್ ಯಾಕೆಂದರೆ ಕಪ್‌ನ ತಳದಲ್ಲಿ ಒಂದು ಎಂಎಲ್‌ನಷ್ಟು ಯಾವಾಗಲೂ ಹಬೆಯಾಗದೆ ಉಳಿದುಬಿಡುತ್ತದೆ. ಚಟಚಟ ಸದ್ದು ಬಂದರೆ ಕಪ್ ಬರಿದಾಯಿತೆಂದು ಅರ್ಥ, ಆದರೆ ಸೈರನ್ನಿನಲ್ಲಿ ಅದು ಕೇಳಿಸುವುದಿಲ್ಲ. ಗಡಿಯಾರ ನೋಡಿ ತುಂಬಿ. ಕಪ್ ವಾಲಿದರೂ ಮಂಜು ನಿಲ್ಲುತ್ತದೆ. ರೋಗಿ ಎದ್ದು ಕೂತೇ ಇರಲಿ. ಮಲಗಿಸಿದರೆ ಅವರಿಗೂ ಉಸಿರು ಕಟ್ಟುತ್ತದೆ.

ಸ್ಟೀರಾಯ್ಡ್ ಕೆಲಸ ಶುರುಮಾಡಲು ಗಂಟೆಗಳೇ ಬೇಕು, ಹಾಗಾಗಿ ಅದನ್ನು ಹೊರಡುವ ಮೊದಲೇ ಕೊಡಿ.

ದಾರಿಯಲ್ಲಿ ಸುಯ್ ಸುಯ್ ಸದ್ದು ನಿಂತರೆ ಹಿಗ್ಗಬೇಡಿ. ರೋಗಿ ಮಂಕಾಗಿದ್ದು ಎದೆಯಲ್ಲಿ ಸದ್ದೇ ಇಲ್ಲವೆಂದರೆ ಗಾಳಿಯೇ ಓಡಾಡುತ್ತಿಲ್ಲ. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು: ಎದೆ ತಿಳಿಯಾದರೂ ಉಸಿರಾಟದ ವೇಗ ಏರುತ್ತಲೇ ಇದ್ದರೆ, ಸಾಲ್ಬುಟಮಾಲ್‌ನಿಂದಲೇ ರಕ್ತದಲ್ಲಿ ಲ್ಯಾಕ್ಟೇಟ್ ಎಂಬ ಆಮ್ಲದ ಅಂಶ ಏರಿರಬಹುದು. ಪೊಟ್ಯಾಸಿಯಂ ಕೂಡ ಇಳಿಯುತ್ತದೆ. ಇಸಿಜಿ ಮಾನಿಟರ್ ಹಚ್ಚಿಯೇ ಇರಲಿ.

ಬೀಡಿ ಸೇದಿ, ಒಲೆಯ ಹೊಗೆ ಕುಡಿದು ಸಿಒಪಿಡಿ (ಶ್ವಾಸನಾಳ ಕಾಯಂ ಆಗಿ ಕಿರಿದಾಗುವ ಕಾಯಿಲೆ) ಬಂದವರ ಮಾತು ಬೇರೆ, ಆಕ್ಸಿಜನ್ ಅತಿಯಾದರೆ ಅವರಿಗೆ ಅಪಾಯ. ಅವರಿಗೆ ಗಾಳಿಯ ಕಂಪ್ರೆಸರ್‌ನಲ್ಲಿ ನೆಬ್ಯುಲೈಸ್ ಮಾಡಿ, ರಕ್ತದ ಆಕ್ಸಿಜನ್ ಮಟ್ಟವಾದ ಸ್ಯಾಚುರೇಶನ್ ಶೇಕಡಾ 88ರಿಂದ 92ರಲ್ಲಿ ನಿಲ್ಲಿಸುವುದು ಲೇಸು. ಆಕ್ಸಿಜನ್ನಿನಿಂದಲೇ ಮಾಡಬೇಕಾಗಿ ಬಂದರೆ ಒಮ್ಮೆಗೆ ಆರು ನಿಮಿಷ ಸಾಕು.

ಖಾಲಿ ರೆಸ್ಪ್ಯೂಲ್‌ಗಳನ್ನು ಎಸೆಯದೆ ಟ್ರೇನಲ್ಲಿ ಹಾಕಿಡಿ. ಆಸ್ಪತ್ರೆ ಮುಟ್ಟಿದಾಗ ಎಷ್ಟು ಔಷಧಿ ಹೋಗಿದೆ ಎಂದು ಡ್ಯೂಟಿ ಡಾಕ್ಟರ್ ಕೇಳಿದರೆ ಎಣಿಸಿ ಹೇಳಬಹುದು.