ಕಂದಾಯ, ಗಾಡಿ ತೆರಿಗೆ ಎಲ್ಲ ಕಟ್ಟಿದರೂ ನಮ್ಮ ಬೀದಿಯ ಡಾಂಬರಿಗೆ ದುಡ್ಡಿಲ್ಲ ಯಾಕೆ?

ಓದುಗರ ಪ್ರಶ್ನೆ: ನಮ್ಮ ಮನೆ ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ಪ್ರತಿ ಏಪ್ರಿಲ್‌ನಲ್ಲಿ ಶೇ 5ರ ರಿಯಾಯಿತಿ ಇರುವಾಗಲೇ ಮನೆ ಕಂದಾಯ ಕಟ್ಟಿಬಿಡುತ್ತೇವೆ. ಕಾರು ಕೊಂಡಾಗ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದ್ದೇವೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ ತೆರಿಗೆ ಕೊಡುತ್ತೇವೆ. ಆದರೂ ನಮ್ಮ ಕ್ರಾಸಿಗೆ ಡಾಂಬರು ಹಾಕಿಸಿ ಎಂದರೆ ‘ಅನುದಾನ ಬಂದಿಲ್ಲ ಸಾರ್, ರೇಟೆಲ್ಲ ಜಾಸ್ತಿಯಾಗಿದೆ’ ಎನ್ನುತ್ತಾರೆ. ಈ ದುಡ್ಡೆಲ್ಲ ಎಲ್ಲಿಗೆ ಹೋಗುತ್ತದೆ? ಇನ್ನೂ ಕಂದಾಯ ಏರಿಸಿದರೆ ರಸ್ತೆ ಸರಿಹೋಗುತ್ತದೆಯೇ?

ಉತ್ತರ: ನೀವು ಹೇಳಿದ ಮೂರು ತೆರಿಗೆಗಳಲ್ಲಿ ಮಹಾನಗರ ಪಾಲಿಕೆಯ ಕೈಗೆ ನೇರವಾಗಿ ಸೇರುವುದು ಮನೆ ಕಂದಾಯ ಒಂದೇ.

ಗಾಡಿಯ ಲೈಫ್‌ಟೈಮ್ ಟ್ಯಾಕ್ಸ್ 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯ ಪ್ರಕಾರ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ಎಂಟು ಲಕ್ಷದ ಪೆಟ್ರೋಲ್ ಕಾರಿಗೆ ಶೇ 14ರಂತೆ ಒಂದು ಲಕ್ಷಕ್ಕೂ ಮೀರಿ ಕಟ್ಟುತ್ತೀರಿ, ಅದರ ಮೇಲೆ ಸೆಸ್ ಬೇರೆ. ಆ ಕಾರು ದಿನವೂ ಓಡುವುದು ಪಾಲಿಕೆಯ ರಸ್ತೆಯ ಮೇಲೆ. ಆದರೆ ಆ ಹಣದಲ್ಲಿ ಇಷ್ಟು ಪಾಲು ಗಾಡಿ ಓಡುವ ಊರಿಗೆ ತಾನಾಗಿ ಸೇರಲಿ ಎಂಬ ಏರ್ಪಾಡಿಲ್ಲ. ಪೆಟ್ರೋಲಿನದೂ ಹೀಗೆಯೇ. ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 29.84ಕ್ಕೆ ಏರಿತು, ಅದು ರಾಜ್ಯಕ್ಕೆ. ಕೇಂದ್ರ ವಸೂಲಿ ಮಾಡುವ ರಸ್ತೆ ಸೆಸ್ ಕೇಂದ್ರದ ನಿಧಿಗೆ ಹೋಗಿ, ಅಲ್ಲಿಂದ ಹೆದ್ದಾರಿ ಮುಂತಾದವಕ್ಕೆ ಹಂಚಿಕೆಯಾಗುತ್ತದೆ. ಕುವೆಂಪುನಗರದ ಕ್ರಾಸಿನವರೆಗೆ ಅದು ಬರುವುದಿಲ್ಲ.

ಇತ್ತ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯಲ್ಲಿ ನಗರಾಡಳಿತದ ಕೆಲಸಗಳ ಪಟ್ಟಿಯಿದೆ. ಅದರ ನಾಲ್ಕನೇ ಬಾಬ್ತೇ ‘ರಸ್ತೆ ಮತ್ತು ಸೇತುವೆ’. ಕೆಲಸ ಊರಿನ ಹೆಗಲಿಗೆ ಬಂತು, ರಸ್ತೆ ಬಳಸುವವರು ಕಟ್ಟುವ ತೆರಿಗೆ ಮಾತ್ರ ಮೇಲೆಯೇ ಉಳಿಯಿತು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಇನ್ನು ಮನೆ ಕಂದಾಯ. ರಸೀದಿಯನ್ನು ಒಮ್ಮೆ ಬಿಡಿಸಿ ನೋಡಿ. ತೆರಿಗೆಯ ಜೊತೆಗೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಪರಿಹಾರದ ಸೆಸ್‌ಗಳಿರುತ್ತವೆ. ರಸ್ತೆಯ ಹೆಸರಲ್ಲಿ ಒಂದು ಸಾಲೂ ಇಲ್ಲ. ರಸ್ತೆಗೆ ಖರ್ಚಾಗಬೇಕಾದದ್ದು ಸಾಮಾನ್ಯ ಖಾತೆಯಿಂದ. ಪೌರಕಾರ್ಮಿಕರ ಸಂಬಳ, ಕಸ ಸಾಗಿಸುವ ಗಾಡಿಗಳ ಡೀಸೆಲ್, ಬೀದಿ ದೀಪದ ಬಿಲ್, ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಲ್ಲಿ ಕಾವೇರಿ ನೀರೆತ್ತುವ ಪಂಪುಗಳ ಕರೆಂಟ್ ಬಿಲ್, ಇವು ಯಾವುವನ್ನೂ ಒಂದು ತಿಂಗಳು ತಡೆಹಿಡಿಯಲಾಗದು. ಪೌರಕಾರ್ಮಿಕರ ಸಂಬಳ ನಿಂತರೆ ಮಾರನೆಯ ದಿನವೇ ಊರು ನಾರುತ್ತದೆ. ಮರುಡಾಂಬರೀಕರಣವನ್ನು ಒಂದು ವರ್ಷ ಮುಂದಕ್ಕೆ ಹಾಕಿದರೆ ಏನೂ ನಿಲ್ಲುವುದಿಲ್ಲ. ಹಾಗಾಗಿ ಪ್ರತಿ ವರ್ಷ ಮುಂದಕ್ಕೆ ಹೋಗುವುದು ಅದೇ. ಮಂಡ್ಯ, ಹೂಟಗಳ್ಳಿ ನಗರಸಭೆಗಳು 1964ರ ಬೇರೆ ಕಾಯ್ದೆಯಡಿ ನಡೆಯುತ್ತವಾದರೂ ಪಾಡು ಇದೇ.

ಮಿಕ್ಕದ್ದು ಅನುದಾನ. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗ ಮೈಸೂರಿನಂಥ, ಅಂದರೆ ಹತ್ತು ಲಕ್ಷ ಜನಸಂಖ್ಯೆಯ ಪಟ್ಟಿಗೆ ಸೇರದ ನಗರಗಳಿಗೆ ಕೊಟ್ಟ ಹಣದಲ್ಲಿ ಶೇ 60 ಭಾಗ ಕುಡಿಯುವ ನೀರು, ನೈರ್ಮಲ್ಯ, ಕಸ ವಿಲೇವಾರಿಗೇ ಮೀಸಲಾಗಿತ್ತು. ಉಳಿದ ಶೇ 40ರಲ್ಲೇ ರಸ್ತೆ, ಚರಂಡಿ, ಪಾರ್ಕು ಎಲ್ಲ ಪಾಲು ಕೇಳಬೇಕಿತ್ತು. ರಾಜ್ಯದ ಅನುದಾನ ಸಾಮಾನ್ಯವಾಗಿ ಯೋಜನೆಯ ಹೆಸರಲ್ಲಿ ಬರುತ್ತದೆ, ಗುದ್ದಲಿ ಪೂಜೆ ಮಾಡಿ ತೋರಿಸಬಹುದಾದ ಕಾಮಗಾರಿಗೆ ಬರುತ್ತದೆ. ದಸರೆಯ ಮುಂಚೆ ಜಂಬೂಸವಾರಿ ಸಾಗುವ ಸಯ್ಯಾಜಿರಾವ್ ರಸ್ತೆ, ಬನ್ನಿಮಂಟಪದವರೆಗಿನ ದಾರಿ ನುಣುಪಾಗುತ್ತದೆ. ಆಗಲೇಬೇಕು, ಲಕ್ಷಾಂತರ ಜನ ಬರುವ ಹಬ್ಬ. ಆದರೆ ವರ್ಷ ವರ್ಷ ಸರದಿಯಂತೆ ಒಳಬೀದಿಗಳಿಗೆ ಡಾಂಬರು ಹಾಕುವ ಕೆಲಸಕ್ಕೆ ಅಂಥ ಗಡುವೂ ಇಲ್ಲ, ಅದಕ್ಕೇ ಮೀಸಲಾದ ಹಣವೂ ಇಲ್ಲ.

‘ರೇಟ್ ಜಾಸ್ತಿ’ ಎಂಬ ಮಾತು ಎಷ್ಟು ನಿಜ? ಲೆಕ್ಕ ಹಾಕೋಣ. ಏಳು ಮೀಟರ್ ಅಗಲದ ಒಂದು ಕಿಲೋಮೀಟರ್ ರಸ್ತೆಗೆ 40 ಮಿಲಿಮೀಟರ್ ದಪ್ಪ ಮೇಲ್ಪದರ ಹಾಕಲು 280 ಘನ ಮೀಟರ್, ಅಂದರೆ ಸುಮಾರು 670 ಟನ್ ಬಿಸಿ ಮಿಶ್ರಣ ಬೇಕು. ಅದರಲ್ಲಿ ಶೇ 5.4 ಡಾಂಬರು ಎಂದಿಟ್ಟುಕೊಂಡರೆ 36 ಟನ್. ಬಾಕಿಯದೆಲ್ಲ ಜಲ್ಲಿ ಮತ್ತು ಪುಡಿ. ಡಾಂಬರು ಕಚ್ಚಾ ತೈಲ ಶುದ್ಧೀಕರಣದಲ್ಲಿ ಉಳಿಯುವ ಸರಕು, ತೈಲ ಕಂಪನಿಗಳು ತಿಂಗಳಿಗೆ ಎರಡು ಸಲ ಅದರ ದರ ಬದಲಿಸುತ್ತವೆ. ಟನ್ನಿಗೆ 10,000 ರೂಪಾಯಿ ಏರಿತೆಂದರೆ ಈ ಒಂದು ಕಿಲೋಮೀಟರಿಗೆ 3.6 ಲಕ್ಷ, ಜಿಎಸ್‌ಟಿ ಸೇರಿ 4.25 ಲಕ್ಷ ಹೆಚ್ಚು ಬೇಕು. ಪಾಲಿಕೆಗೆ 65 ವಾರ್ಡುಗಳಿವೆ ಎಂಬುದನ್ನು ನೆನೆಸಿಕೊಂಡರೆ ಈ ಮೊತ್ತ ಎಲ್ಲಿಗೆ ಮುಟ್ಟುತ್ತದೆ ಎಂದು ತಿಳಿಯುತ್ತದೆ.

ಜಿಎಸ್‌ಟಿಯ ಕಥೆಯನ್ನು ಹೆಚ್ಚಿನವರು ಗಮನಿಸಿಲ್ಲ. ಸ್ಥಳೀಯ ಸಂಸ್ಥೆಗಳ ರಸ್ತೆ ಗುತ್ತಿಗೆಗೆ ಶೇ 12 ಇದ್ದದ್ದು 2022ರ ಜುಲೈ 18ರಿಂದ ಶೇ 18 ಆಯಿತು. 50 ಲಕ್ಷದ ಕಾಮಗಾರಿಗೆ 6 ಲಕ್ಷ ತೆರಿಗೆ ಕೊಡುತ್ತಿದ್ದ ಪಾಲಿಕೆ ಈಗ 9 ಲಕ್ಷ ಕೊಡಬೇಕು. ಒಂದು ಹಿಡಿ ಜಲ್ಲಿಯೂ ಹೆಚ್ಚು ಬೀಳದೆ ಖರ್ಚು ಏರಿತು. ಊರಿನವರು ರಸ್ತೆಗೆಂದು ಕೂಡಿಸಿದ ಹಣದ ಒಂದು ಭಾಗ ತೆರಿಗೆಯಾಗಿ ರಾಜ್ಯ, ಕೇಂದ್ರಗಳಿಗೆ ವಾಪಸ್ ಹೋಗುವ ಈ ಏರ್ಪಾಡು ನನಗೆ ನ್ಯಾಯವೆಂದು ಕಾಣುವುದಿಲ್ಲ.

ಜಲ್ಲಿಯ ವಿಷಯ ನಮ್ಮ ಸೀಮೆಗೇ ವಿಶೇಷವಾದದ್ದು. ಕೆ.ಆರ್.ಎಸ್. ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್‌ನಲ್ಲಿ ಗಣಿಗಾರಿಕೆ, ಕಲ್ಲು ಕ್ವಾರಿ ಕೂಡದೆಂದು ಹೈಕೋರ್ಟ್ 2024ರ ಜನವರಿಯಲ್ಲಿ ಆದೇಶಿಸಿತು. ಪಾಂಡವಪುರದ ಬೇಬಿ ಬೆಟ್ಟದ ಸ್ಫೋಟಗಳ ವಿವಾದ ನಿಮಗೆ ನೆನಪಿರಬಹುದು. ಆ ಆದೇಶ ಸರಿಯೇ. ಕಟ್ಟೆಗಿಂತ ಜಲ್ಲಿ ದೊಡ್ಡದಲ್ಲ. ಆದರೆ ಹತ್ತಿರದ ಕಲ್ಲು ಸಿಗದಿದ್ದರೆ ದೂರದಿಂದ ತರಬೇಕು. ಮೇಲಿನ ಲೆಕ್ಕದ ಆರುನೂರು ಚಿಲ್ಲರೆ ಟನ್ ಜಲ್ಲಿಗೆ ಪ್ರತಿ ಹೆಚ್ಚುವರಿ ಕಿಲೋಮೀಟರಿನ ಲಾರಿ ಬಾಡಿಗೆಯೂ ಎಸ್ಟಿಮೇಟಿಗೆ ಸೇರುತ್ತದೆ.

ಇದರ ಮೇಲೆ ಟೆಂಡರಿನ ತಡ. ಎಸ್ಟಿಮೇಟ್ ಮಾಡುವುದು ಲೋಕೋಪಯೋಗಿ ಇಲಾಖೆಯ ದರಪಟ್ಟಿ, ಅಂದರೆ ಎಸ್‌ಆರ್ ದರದಲ್ಲಿ. ಮಂಜೂರಾತಿ ಸಿಕ್ಕಿ ಟೆಂಡರ್ ಕರೆಯುವಷ್ಟರಲ್ಲಿ ಮಾರುಕಟ್ಟೆ ದರ ಅದನ್ನು ದಾಟಿದ್ದರೆ ಗುತ್ತಿಗೆದಾರರು ಎಸ್‌ಆರ್‌ಗಿಂತ ಹೆಚ್ಚಿಗೆ ಬರೆಯುತ್ತಾರೆ, ಇಲ್ಲವೇ ಬಿಡ್ ಹಾಕುವುದೇ ಇಲ್ಲ. ಮರುಟೆಂಡರ್ ಎಂದರೆ ಮತ್ತೆ ಕೆಲವು ತಿಂಗಳು, ಅಷ್ಟರಲ್ಲಿ ಮಳೆಗಾಲ. ಹಳೆಯ ಬಿಲ್ ಬಾಕಿ ಉಳಿಸುವ ಸಂಸ್ಥೆಗೆ ಕೆಲಸ ಮಾಡುವವರು ಆ ಕಾಯುವಿಕೆಯ ಬಡ್ಡಿಯನ್ನೂ ದರದಲ್ಲೇ ಸೇರಿಸುತ್ತಾರೆ. ಸಕಾಲಕ್ಕೆ ಬಿಲ್ ಪಾವತಿಸುವುದೂ ರಸ್ತೆಯ ಖರ್ಚು ಇಳಿಸುವ ಒಂದು ದಾರಿ. ಈ ಮಾತನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಇಷ್ಟೆಲ್ಲ ನಿಜವಾದರೂ, ದರ ಏರಿಕೆಗಿಂತ ಹೆಚ್ಚು ಹಣ ನುಂಗುವುದು ನಮ್ಮ ಸರದಿ ತಪ್ಪಿದ ಕ್ರಮ ಎಂಬುದೇ ನನ್ನ ಅಭಿಪ್ರಾಯ. ಡಾಂಬರು ರಸ್ತೆಯ ಶತ್ರು ನೀರು. ಬಿಸಿಲಿಗೆ ಮೇಲ್ಪದರ ಒಣಗಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಆಗ ರಸ್ತೆ ನೋಡಲು ಚೆನ್ನಾಗಿಯೇ ಇರುತ್ತದೆ. ಬಿರುಕಿನಲ್ಲಿ ಇಳಿದ ಮಳೆನೀರು ಕೆಳಗಿನ ಜಲ್ಲಿ ಹಾಸನ್ನು ಸಡಿಲ ಮಾಡುತ್ತದೆ, ಬಸ್ಸು ಲಾರಿಯ ಭಾರಕ್ಕೆ ಅದು ಕುಸಿಯುತ್ತದೆ, ಆಮೇಲೆ ಗುಂಡಿ ಕಾಣಿಸುತ್ತದೆ. ಬಿರುಕಿನ ಹಂತದಲ್ಲೇ ತೆಳು ಪದರ ಹಾಕಿದರೆ ಮುಗಿಯಿತು. ಗುಂಡಿ ಬಿದ್ದು ತಳಪಾಯ ಹೋದ ಮೇಲೆ ಅಗೆದು, ಜಲ್ಲಿ ಹಾಸು ಕೂರಿಸಿ, ಎರಡು ಪದರ ಹಾಕಬೇಕು. ಖರ್ಚು ಹಲವು ಪಟ್ಟು. ಅಂದರೆ ಹಣ ಕಡಿಮೆ ಇದ್ದಾಗ ಮೊದಲು ಕೈ ಹಾಕಬೇಕಾದ್ದು ಇನ್ನೂ ಚೆನ್ನಾಗಿರುವ ರಸ್ತೆಗಳಿಗೆ. ಗುಂಡಿ ಬಿದ್ದ ಬೀದಿಯವರಿಗೆ ಇದನ್ನು ಹೇಳುವುದು ಕಷ್ಟ, ಚುನಾಯಿತರಿಗಂತೂ ಇನ್ನೂ ಕಷ್ಟ. ಆ ಬೀದಿಯವರ ಸಿಟ್ಟು ನ್ಯಾಯವಾದದ್ದೇ. ಆದರೆ ಇದ್ದಬದ್ದ ಹಣವನ್ನೆಲ್ಲ ಪೂರ್ತಿ ಕೆಟ್ಟ ರಸ್ತೆಗೇ ಸುರಿದರೆ, ಅದು ಮುಗಿಯುವಷ್ಟರಲ್ಲಿ ಚೆನ್ನಾಗಿದ್ದ ಇನ್ನಷ್ಟು ರಸ್ತೆಗಳು ಆ ಪಟ್ಟಿಗೆ ಸೇರಿರುತ್ತವೆ.

ಮಳೆಗಾಲದ ತೇಪೆಯನ್ನು ಹತ್ತಿರದಿಂದ ನೋಡಿದರೆ ಹಣ ಹೇಗೆ ಕರಗುತ್ತದೆ ಎಂದು ಗೊತ್ತಾಗುತ್ತದೆ. ಬಿಸಿ ಮಿಶ್ರಣವನ್ನು ಹಾಸುವಾಗ 140 ಡಿಗ್ರಿಗೆ ಕಡಿಮೆ ಇರಬಾರದು, 90 ಡಿಗ್ರಿಗೆ ಇಳಿಯುವ ಮುನ್ನ ರೋಲರ್ ಕೆಲಸ ಮುಗಿಯಬೇಕು ಎಂಬುದು ರಸ್ತೆ ಕಾಮಗಾರಿಯ ನಿಯಮ. ಗುಂಡಿಯನ್ನು ಚೌಕವಾಗಿ ಕತ್ತರಿಸಿ, ಧೂಳು ಗುಡಿಸಿ, ಅಂಟು ಡಾಂಬರು ಬಳಿದು ತುಂಬಬೇಕು. ಟ್ರ್ಯಾಕ್ಟರಿನಲ್ಲಿ ತಂದು ಆರಿದ ಮಿಶ್ರಣವನ್ನು ಒದ್ದೆ ಗುಂಡಿಗೆ ಸುರಿದು ಗುದ್ದಲಿ ಬೆನ್ನಿನಲ್ಲಿ ತಟ್ಟಿದರೆ ಮುಂದಿನ ಮಳೆಗೇ ಎದ್ದುಬರುತ್ತದೆ. ಅದಕ್ಕೂ ಬಿಲ್ ಆಗಿರುತ್ತದೆ.

ಇನ್ನೊಂದು ಅಗೆತ. ಹೊಸ ಡಾಂಬರು ಬಿದ್ದ ಕೆಲವೇ ವಾರಗಳಲ್ಲಿ ನೀರಿನ ಪೈಪಿಗೋ, ಯುಜಿಡಿ ಒಳಚರಂಡಿಗೋ, ಕೇಬಲ್ಲಿಗೋ, ಗ್ಯಾಸ್ ಪೈಪಿಗೋ ರಸ್ತೆ ಸೀಳುವುದನ್ನು ಎಲ್ಲ ಬಡಾವಣೆಯವರೂ ಕಂಡಿದ್ದಾರೆ. ಅಗೆದವರು ಕಟ್ಟುವ ಶುಲ್ಕ ರಸ್ತೆಯನ್ನು ಮೊದಲಿನಂತೆ ಮಾಡುವಷ್ಟಿರಬೇಕು, ಮತ್ತು ಆ ಹಣ ಸಾಮಾನ್ಯ ಖಾತೆಯಲ್ಲಿ ಕರಗದೆ ಅದೇ ಬೀದಿಗೆ ವಾಪಸ್ ಬರಬೇಕು. ಹಾಗೆಯೇ ಹಳೆಯ ಪದರವನ್ನು ಕೆರೆದು ತೆಗೆಯದೆ ಮೇಲೆ ಮೇಲೆ ಹಾಕುತ್ತ ಹೋದರೆ ಅಗ್ರಹಾರ, ಲಷ್ಕರ್ ಮೊಹಲ್ಲಾದಂಥ ಹಳೆಯ ಕೇರಿಗಳಲ್ಲಿ ರಸ್ತೆ ಮನೆಯ ಹೊಸ್ತಿಲ ಮಟ್ಟಕ್ಕೆ ಏರುತ್ತದೆ, ಮಳೆ ಬಂದರೆ ನೀರು ಚರಂಡಿ ಬಿಟ್ಟು ನಡುಮನೆಗೆ ನುಗ್ಗುತ್ತದೆ. ಕೆರೆದು ಹಾಕಲು ಖರ್ಚು ಸ್ವಲ್ಪ ಹೆಚ್ಚು. ಅಲ್ಲಿ ಉಳಿತಾಯ ನೋಡಬಾರದು.

ಹಾಗಾದರೆ ಹಣ ಎಲ್ಲಿಂದ? ಸಾಲ ತರಬಹುದು. ಪಾಲಿಕೆ ಬಾಂಡ್ ಹೊರಡಿಸುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ, ಬೆಂಗಳೂರು 1997ರಲ್ಲೇ ದೇಶದಲ್ಲಿ ಮೊದಲಿಗೆ 125 ಕೋಟಿಯ ಬಾಂಡ್ ತಂದಿತ್ತು. ಆದರೆ ಮೇಲ್ಪದರಕ್ಕೆ ಸಾಲ ಬೇಡ ಎನ್ನುತ್ತೇನೆ. ಕೆಲವೇ ವರ್ಷ ಬಾಳುವ ಪದರಕ್ಕೆ ಹತ್ತು ವರ್ಷದ ಸಾಲ ಮಾಡಿದರೆ, ರಸ್ತೆ ಮತ್ತೆ ಕಿತ್ತುಹೋದ ಮೇಲೂ ಕಂತು ಕಟ್ಟುತ್ತಿರಬೇಕು. ದಶಕಗಟ್ಟಲೆ ಉಳಿಯುವ ನೀರಿನ ಕೊಳವೆ, ಮಳೆನೀರು ಚರಂಡಿಗೆ ಸಾಲ ಮಾಡಲಿ. ವೈಟ್ ಟಾಪಿಂಗ್, ಅಂದರೆ ಕಾಂಕ್ರೀಟ್ ಹೊದಿಕೆ, ಭಾರಿ ಓಡಾಟದ ರಸ್ತೆಗೆ ಲಾಭದಾಯಕ. ಕೆಳಗಿನ ಪೈಪುಗಳೆಲ್ಲ ಮೊದಲೇ ಬದಲಾಗಿರಬೇಕು, ಇಲ್ಲದಿದ್ದರೆ ಕಾಂಕ್ರೀಟ್ ಒಡೆದು ಮುಚ್ಚುವ ಖರ್ಚು ಇನ್ನೂ ದುಬಾರಿ. ಗಾಡಿ ತೆರಿಗೆಯಲ್ಲಿ ಊರುಗಳಿಗೆ ನಿಗದಿತ ಪಾಲು ಕೊಡುವುದೇ ಎಲ್ಲಕ್ಕಿಂತ ನ್ಯಾಯವಾದ ದಾರಿ. ಅದು ವಿಧಾನಸಭೆಯಲ್ಲಿ ಆಗಬೇಕಾದ ಕೆಲಸ, ನಮ್ಮ ಶಾಸಕರನ್ನು ಅದಕ್ಕಾಗಿ ಕೇಳಬೇಕು.

ಕಂದಾಯ ಏರಿಸುವ ಮಾತಿಗೆ ಬಂದರೆ, ಇದು ಈಗಾಗಲೇ ವರ್ಷಕ್ಕೆ ಶೇ 3ರಿಂದ 5ರಷ್ಟು ಏರುವ ಪದ್ಧತಿಯಲ್ಲಿದೆ. ಇನ್ನೂ ಏರಿಸುವ ಮುಂಚೆ ಕಟ್ಟದವರಿಂದ ವಸೂಲಿಯಾಗಬೇಕು, ಲೆಕ್ಕಕ್ಕೇ ಬಾರದ ಕಟ್ಟಡಗಳು ಲೆಕ್ಕಕ್ಕೆ ಬರಬೇಕು. ಅನಧಿಕೃತ ಬಡಾವಣೆಗಳ ಆಸ್ತಿಗಳನ್ನು ದಾಖಲೆಗೆ ತರುವ 2025ರ ಬಿ ಖಾತಾ ಅಭಿಯಾನದ ಒಂದು ಉದ್ದೇಶ ಅದೇ ಆಗಿತ್ತು. ಏಪ್ರಿಲ್‌ನಲ್ಲೇ ಸಾಲಿನಲ್ಲಿ ನಿಂತು ಕಟ್ಟುವ ನಿಮ್ಮಂಥವರ ಮೇಲೇ ಮತ್ತೆ ಹೊರೆ ಹೇರುವುದು ಸರಿಯಲ್ಲ. ಇಷ್ಟಾದ ಮೇಲೂ ಸಾಲದೆ ಬಂದು ಪಾಲಿಕೆ ಇನ್ನಷ್ಟು ಕೇಳಿದರೆ ನಾನು ಕೊಡಲು ಸಿದ್ಧ, ಎರಡು ಷರತ್ತಿನ ಮೇಲೆ. ಮರುಡಾಂಬರೀಕರಣಕ್ಕೆಂದೇ ಬಜೆಟ್ಟಿನಲ್ಲಿ ಬೇರೆ ಶೀರ್ಷಿಕೆಯಿದ್ದು ಆ ಹಣವನ್ನು ಬೇರೆಯದಕ್ಕೆ ತಿರುಗಿಸಬಾರದು. ಯಾವ ಬೀದಿಗೆ ಯಾವ ವರ್ಷ ಎಂಬ ಪಟ್ಟಿ ಪ್ರತಿ ವಲಯ ಕಚೇರಿಯ ಗೋಡೆಯ ಮೇಲೆ ಇರಬೇಕು. ಇವೆರಡೂ ಇಲ್ಲದೆ ಏರಿಸಿದ ಕಂದಾಯ ಮತ್ತದೇ ಸಾಮಾನ್ಯ ಖಾತೆಗೆ ಹೋಗಿ, ನಿಮ್ಮ ಕ್ರಾಸಿಗೆ ಮತ್ತದೇ ಉತ್ತರ ಸಿಗುತ್ತದೆ.

ಈಗ ನೀವು ಮಾಡಬಹುದಾದದ್ದು. ರಸ್ತೆ ಪಾಲಿಕೆಯದೋ, ಬಡಾವಣೆ ಮಾಡಿದ ಅಭಿವೃದ್ಧಿ ಪ್ರಾಧಿಕಾರದಿಂದ ಇನ್ನೂ ಹಸ್ತಾಂತರವಾಗದ್ದೋ, ಲೋಕೋಪಯೋಗಿ ಇಲಾಖೆಯದೋ ಎಂದು ಮೊದಲು ಖಚಿತಪಡಿಸಿಕೊಳ್ಳಿ, ಎಷ್ಟೋ ಅರ್ಜಿಗಳು ತಪ್ಪು ಕಚೇರಿಯಲ್ಲೇ ಸುತ್ತುತ್ತಿರುತ್ತವೆ. ಪಾಲಿಕೆಯದಾದರೆ ಮಾಹಿತಿ ಹಕ್ಕಿನಡಿ ಮೂರು ವಿಷಯ ಕೇಳಿ: ಕೊನೆಯ ಸಲ ಡಾಂಬರು ಹಾಕಿದ ದಿನಾಂಕ, ಆ ಕಾಮಗಾರಿಯಲ್ಲಿ ಆದ ಕೆಲಸವನ್ನು ಅಳೆದು ಬರೆದ ಅಳತೆ ಪುಸ್ತಕದ ಪ್ರತಿ, ಗುತ್ತಿಗೆದಾರನ ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನ. ಆ ಅವಧಿಯೊಳಗೆ ರಸ್ತೆ ಕಿತ್ತಿದ್ದರೆ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕಾದವನು ಗುತ್ತಿಗೆದಾರ, ಅದಕ್ಕೆ ಅನುದಾನ ಕಾಯಬೇಕಿಲ್ಲ. ಚುನಾಯಿತ ಪರಿಷತ್ತಿನ ಅವಧಿ 2023ರ ನವೆಂಬರ್‌ನಲ್ಲಿ ಮುಗಿದ ಮೇಲೆ ಆಡಳಿತಾಧಿಕಾರಿಗಳ ಕಾಲದಲ್ಲೇ ಬಜೆಟ್ ತಯಾರಾಗಿದೆ. ಕಾರ್ಪೊರೇಟರ್ ಇಲ್ಲದಾಗ ಬೀದಿಯವರ ಬರವಣಿಗೆಯ ಬೇಡಿಕೆಗೆ ಇನ್ನಷ್ಟು ಬೆಲೆ. ಏಪ್ರಿಲ್‌ನಲ್ಲಿ ಹೊಸ ಲೆಕ್ಕ ಶುರುವಾಗುವುದರಿಂದ ಡಿಸೆಂಬರ್, ಜನವರಿಯಲ್ಲೇ ಬೀದಿಯವರೆಲ್ಲ ಸಹಿ ಹಾಕಿದ ಅರ್ಜಿಯನ್ನು ವಲಯ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮೊದಲ ಮಳೆ ಬಿದ್ದ ಮೇಲೆ ಕೊಟ್ಟ ಅರ್ಜಿಗೆ ಸಿಗುವುದು ತೇಪೆ ಮಾತ್ರ.